ಎಲ್ಲರ ಅಮ್ಮನಿಗೆ ವೀಸಾ ಕೊಡುವುದಿಲ್ಲ

ಒಂದು ಪ್ರಶ್ನೆ ಕೇಳುತ್ತೇನೆ, ಸುಳ್ಳು ಹೇಳಬಾರದು. ಮನೆಯ ಮದುವೆಗೋ ಮಗಳ ಡ್ಯಾನ್ಸಿಗೋ ಪರಿಚಯದ ಹೆಂಗಸೊಬ್ಬಳ ಕೈಯಲ್ಲಿ ಬಟ್ಟೆ ಹೊಲಿಸಿಕೊಂಡು, ಹಣ ಕೊಡಲು ಪರ್ಸ್ ತೆರೆದು, ಅವಳು "ಛೆ, ಬೇಡ ಬೇಡ" ಎಂದ ಕೂಡಲೇ ಅದನ್ನು ಮುಚ್ಚಿ, ಒಂದು ತೆಂಗಿನಕಾಯಿ ಮತ್ತು ರವಿಕೆ ಕಣ ಕೊಟ್ಟು ಕೈಮುಗಿದು ಬಂದಿದ್ದೀರಾ, ಇಲ್ಲವಾ?

ಬಂದಿದ್ದೀರಿ. ನನಗೆ ಗೊತ್ತು. ಆ "ಬೇಡ ಬೇಡ" ಎನ್ನುವ ಹೆಂಗಸು ನಾನು.

ಅಬುಧಾಬಿಯಲ್ಲಿ ಕಂಪನಿ ಕೆಲಸದಲ್ಲಿ ಇದ್ದಷ್ಟು ವರ್ಷ ನಮ್ಮ ಕರಾವಳಿಯ ಜನರಿಗೆ ನಾನು ಹೊಲಿದುಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಭರತನಾಟ್ಯ ಕಲಿಯುವ ಮಕ್ಕಳ ಉಡುಗೆ, ಯಕ್ಷಗಾನದವರ ಅಂಗಿ, ಸ್ಕೂಲಿನ ಫ್ಯಾನ್ಸಿ ಡ್ರೆಸ್ಸಿಗೆ ಹುಲಿ, ನವಿಲು, ಒಮ್ಮೆ ಒಬ್ಬ ಹುಡುಗನಿಗೆ ಹಲಸಿನಹಣ್ಣು ಕೂಡ. ಯಾರಿಂದಲೂ ಹಣ ತೆಗೆದುಕೊಂಡವಳಲ್ಲ. ಕಂಪನಿ ವೀಸಾದಲ್ಲಿ ಇರುವವರು ಹೊರಗೆ ಹಣಕ್ಕೆ ಕೆಲಸ ಮಾಡಬಾರದು ಎಂಬುದು ಚಿಕ್ಕ ಕಾರಣ. ನಮ್ಮವರ ಹತ್ತಿರ ಬಾಯಿ ಬಿಟ್ಟು ಹಣ ಕೇಳುವುದು ಹೇಗೆ ಎಂಬುದು ದೊಡ್ಡ ಕಾರಣ. ಅವರೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ವಿಮಾನದಲ್ಲಿ ಬಂದ ಉಡುಪಿ ಮಲ್ಲಿಗೆಯ ಚೆಂಡು, ಊರಿನ ಹಪ್ಪಳ, ಒಣಮೀನು, ಅದರ ಮೇಲೆ ಒಂದು ರವಿಕೆ ಕಣ. ನನ್ನ ಕಪಾಟಿನಲ್ಲಿ ಕಣಗಳು ತುಂಬಿ, ಕೆಲವನ್ನು ಕೊಟ್ಟವರಿಗೇ ತಿರುಗಿ ಕೊಟ್ಟದ್ದೂ ಉಂಟು. ಎಂಥ ಒಳ್ಳೆಯ ಬಣ್ಣ ಆರಿಸಿದ್ದೀರಿ ಎಂದು ಅವರು ಹೊಗಳಿದರು.

ಅದು ಮನೆಯ ಹೊಲಿಗೆ. ಹೊಟ್ಟೆಪಾಡಿನ ಹೊಲಿಗೆ ಬೇರೆಯೇ ಇತ್ತು.

ಗಂಡ ತೀರಿಕೊಂಡಾಗ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ. ಅವನನ್ನು ಕಾರ್ಕಳದಲ್ಲಿ ನನ್ನ ತಾಯಿಯ ಹತ್ತಿರ ಬಿಟ್ಟು, ಅಬುಧಾಬಿಯ ಕಾರ್ಖಾನೆಗಳ ಪ್ರದೇಶವಾದ ಮುಸಫ್ಫಾದ ಒಂದು ಯೂನಿಫಾರ್ಮ್ ಕಂಪನಿಗೆ ಟೈಲರ್ ಆಗಿ ಬಂದೆ. ಎಣ್ಣೆಯ ಕೆಲಸದವರು ಹಾಕುವ ಕವರಾಲ್ ಗೊತ್ತಲ್ಲ, ಅಂಗಿ ಮತ್ತು ಪ್ಯಾಂಟು ಒಂದೇ ಬಟ್ಟೆಯಾಗಿ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಇರುತ್ತದೆ, ಕಾಲು ಹಾಕಿ ನಿಂತು ಜಿಪ್ ಎಳೆದರೆ ಮುಗಿಯಿತು. ಅದನ್ನೇ ಹೊಲಿದೆ. ನೀಲಿ, ಕಿತ್ತಳೆ, ಮತ್ತೆ ನೀಲಿ. ಬೆನ್ನಿಗೆ ಬೆಳಕಿನಲ್ಲಿ ಹೊಳೆಯುವ ಪಟ್ಟಿ. ಆ ಪಟ್ಟಿ ಹೊಲಿದ ದುಡ್ಡಿನಲ್ಲಿ ಮಗ ಎಂಜಿನಿಯರ್ ಆದ. ಆಮೇಲೆ ಅವನೂ ಅಬುಧಾಬಿಗೆ ಬಂದು, ಮದುವೆಯಾಗಿ, ಅಲ್ ರೀಮ್ ಐಲ್ಯಾಂಡಿನಲ್ಲಿ ಎತ್ತರದ ಕಟ್ಟಡದಲ್ಲಿ ಮನೆ ಮಾಡಿದ. ಕಂಪನಿ ಕೊಟ್ಟ ರೂಮು ಬಿಟ್ಟು ನಾನೂ ಅಲ್ಲಿಗೆ ಹೋದೆ. ಮೊಮ್ಮಗಳ ಕೋಣೆಯಲ್ಲಿ ಅವಳ ಮಂಚ, ನನ್ನ ಮಂಚ, ನಡುವೆ ನನ್ನ ಮೆಷಿನ್. ಬೆಳಿಗ್ಗೆ ಕಂಪನಿಯ ವ್ಯಾನ್ ಹತ್ತಿ ಮುಸಫ್ಫಾ, ಸಂಜೆ ಬಂದು ಇನ್ಯಾರದೋ ಮಗಳ ಡ್ಯಾನ್ಸಿನ ಬಟ್ಟೆ.

ಇದು ಕೊರೊನಾ ಬರುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಒಂದು ದಿನ ಕಂಪನಿಯ ಪಿಆರ್‌ಒ, ಅಂದರೆ ಎಲ್ಲರ ವೀಸಾದ ಕಾಗದ ಹಿಡಿದು ಸರಕಾರಿ ಆಫೀಸುಗಳಿಗೆ ಓಡಾಡುವ ಮನುಷ್ಯ, ಚಹಾದ ಹೊತ್ತಿಗೆ ನನ್ನ ಮೆಷಿನಿನ ಹತ್ತಿರ ಬಂದು ನಿಂತ. ಅವನು ಸುಮ್ಮನೆ ಬಂದು ನಿಲ್ಲುವವನಲ್ಲ. ನಿಮಗೆ ಅರವತ್ತು ಆಗುತ್ತಾ ಬಂತು, ಅರವತ್ತಾದವರ ವೀಸಾವನ್ನು ನಮ್ಮ ಕಂಪನಿ ಮತ್ತೆ ಮಾಡಿಸುವುದಿಲ್ಲ, ಈಗಿನದು ಮುಗಿದರೆ ಖಲಾಸ್, ಇನ್ನು ಆರಾಮ ಮಾಡಿ ಅಮ್ಮಾ ಎಂದ. ಒಳ್ಳೆಯ ದನಿಯಲ್ಲೇ ಹೇಳಿದ. ನಾನೂ ಒಳ್ಳೆಯ ದನಿಯಲ್ಲೇ, ನಿನ್ನ ತಲೆಯಲ್ಲಿ ನನಗಿಂತ ಹೆಚ್ಚು ಬಿಳಿ ಕೂದಲಿದೆಯಲ್ಲ, ನಿನಗೆ ಯಾವಾಗ ಆರಾಮ ಎಂದು ಕೇಳಿದೆ. ಅವನು ನಗುತ್ತಾ ಹೋದ. ನನಗೆ ಆ ಚಹಾ ಕುಡಿಯಲು ಆಗಲಿಲ್ಲ.

ಗಲ್ಫಿನಲ್ಲಿ ಇಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಅಲ್ಲಿ ವೀಸಾ ನಮ್ಮದಲ್ಲ, ಕಂಪನಿಯದು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ದೇಶ ಬಿಡಬೇಕು. ನನ್ನ ಮುಂದೆ ಎರಡು ದಾರಿ ಇದ್ದವು. ಒಂದು, ಊರಿಗೆ ಹೋಗುವುದು. ಇನ್ನೊಂದು, ಮಗ ತನ್ನ ಹೆಸರಿನಲ್ಲಿ ತಾಯಿಗೆಂದು ಮಾಡಿಸುವ ವೀಸಾ. ಆ ವೀಸಾದಲ್ಲಿ ಉಣ್ಣಬಹುದು, ಮಲಗಬಹುದು, ಮಾಲ್ ಸುತ್ತಬಹುದು. ಕೆಲಸ ಮಾಡಲು ಅನುಮತಿ ಇಲ್ಲ.

ಮಗನಿಗೆ ಮಾತ್ರ ಹಬ್ಬ ಬಂದಷ್ಟು ಸಂತೋಷ. ಊಟಕ್ಕೆ ಕೂತಾಗ ಶುರು ಮಾಡಿದ.

"ನನ್ನ ವೀಸಾಕ್ಕೆ ಬಂದ್ರಾಯ್ತಲ್ಲ ಅಮ್ಮ. ಹೊಲ್ದದ್ದು ಸಾಕು ಇನ್ನು."

"ಅದ್ರಲ್ಲಿ ಕೆಲಸ ಮಾಡ್ಲಿಕ್ಕೆ ಬಿಡುದಿಲ್ವಲ್ಲ."

"ಮಾಡುದು ಬೇಡ ಅಂತ್ಲೇ ನಾನೂ ಹೇಳುದು."

ಪ್ರೀತಿಯಿಂದಲೇ ಹೇಳಿದ, ಅದೇ ನನಗೆ ಸಿಟ್ಟು ತಂದದ್ದು. ಊರಿನಲ್ಲಿ ಇದ್ದಾಗ ರೇಷನ್ ಕಾರ್ಡ್ ಮಾವನ ಹೆಸರಿನಲ್ಲಿ, ಮನೆ ಗಂಡನ ಹೆಸರಿನಲ್ಲಿ, ಗ್ಯಾಸಿನ ಕನೆಕ್ಷನ್ ಮೈದುನನ ಹೆಸರಿನಲ್ಲಿ ಇತ್ತು. ಅಡಿಗೆ ಮಾಡುತ್ತಿದ್ದದ್ದು ನಾನು, ಸಿಲಿಂಡರ್ ಬುಕ್ ಮಾಡಲು ಮೈದುನನೇ ಬೇಕು. ಗಲ್ಫಿಗೆ ಬಂದ ಮೇಲೆ ಕಂಪನಿಯ ಹೆಸರು. ಈಗ ಮಗನ ಹೆಸರಂತೆ. ನನ್ನ ಕೈ ಇನ್ನೂ ಚೆನ್ನಾಗಿ ಓಡುತ್ತಿತ್ತು, ಕಣ್ಣಿಗೆ ಸೂಜಿಯ ತೂತು ಕಾಣುತ್ತಿತ್ತು. ಹೊಲಿಯುವುದನ್ನು ಯಾವಾಗ ನಿಲ್ಲಿಸಬೇಕು ಎಂದು ನಾನು ಹೇಳಬೇಕು, ವೀಸಾ ಹೇಳಬಾರದು. ಅಂದೇ ನಿಶ್ಚಯ ಮಾಡಿದೆ. ಆದರೆ ನಿಶ್ಚಯ ಮಾಡಿದರೆ ಸಾಕೇ, ದಾರಿ ಬೇಕಲ್ಲ.

ದಾರಿ ತೋರಿಸಿದ್ದು ಸೊಸೆ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಜೊತೆಯವಳ ಅಕ್ಕ ಕಂಪನಿ ಬಿಟ್ಟು, ದುಬೈಯ ಒಂದು ಫ್ರೀ ಝೋನಿನಲ್ಲಿ, ಅಂದರೆ ತನ್ನದೇ ಪರ್ಮಿಟ್ ಕೊಡುವ ಬೇರೆ ವಲಯದಲ್ಲಿ, ಫ್ರೀಲಾನ್ಸ್ ಪರ್ಮಿಟ್ ಮಾಡಿಸಿದ್ದಳಂತೆ. ಯಾವ ಕಂಪನಿಯೂ ಬೇಡ, ಕೆಲಸ ಗೊತ್ತಿದೆ ಎಂದು ತೋರಿಸಿ ಫೀಸು ಕಟ್ಟಿದರೆ ನಮ್ಮ ಹೆಸರಿಗೇ ಪರ್ಮಿಟ್, ಅದರ ಮೇಲೆ ವೀಸಾ, ಯಾರಿಗೆ ಬೇಕಾದರೂ ಕೆಲಸ ಮಾಡಿಕೊಡಬಹುದು. ಸೊಸೆ ಒಂದು ಕೈಯಲ್ಲಿ ಸಾರು ತಿರುವುತ್ತಾ ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಯಾವ ಯಾವ ಕೆಲಸದವರಿಗೆ ಕೊಡುತ್ತಾರೆ ಎಂದು ಓದಿದಳು. ಫೋಟೋ ತೆಗೆಯುವವರು, ಬರೆಯುವವರು, ಮೇಕಪ್ ಮಾಡುವವರು. ಆಮೇಲೆ ಸೌಟು ನಿಲ್ಲಿಸಿ, "ಅತ್ತೆ, ಇಲ್ಲುಂಟು ನೋಡಿ, ಕಾಸ್ಟ್ಯೂಮ್ ಡಿಸೈನರ್" ಎಂದಳು.

ಅತ್ತೆಯ ಮೇಲೆ ಅವಳಿಗೆ ಪ್ರೀತಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ದಿನವಿಡೀ ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಯಾರ ಅಡಿಗೆಯಲ್ಲಿ ಉಪ್ಪು ಹೆಚ್ಚು ಎಂಬ ವಿಚಾರಣೆ ಆಗುತ್ತದೆ ಎಂದೂ ಅವಳಿಗೆ ಗೊತ್ತಿತ್ತು.

ಮಗ ಇದಕ್ಕೆ ಕೈ ಹಾಕುವುದಿಲ್ಲ ಎಂದ. ಹಾಗಾಗಿ ಆ ಫ್ರೀ ಝೋನಿನ ಆಫೀಸಿಗೆ ಮೇಲ್ ಕಳಿಸುವುದನ್ನು ನಾನೇ ಕಲಿಯಬೇಕಾಯಿತು. ಮೊಮ್ಮಗಳು ಗುರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಗುರು. ಫೋನಿನ ಅಕ್ಷರವನ್ನು ನಾನು ಮೆಷಿನಿನ ಪೆಡಲಿನ ಹಾಗೆ ಅದುಮುತ್ತೇನೆ ಎಂದು ಅವಳ ದೂರು. ಮೂರು ಸಾಲಿನ ಮೇಲ್ ಬರೆಯಲು ನನಗೆ ಒಂದು ಚೂಡಿದಾರ ಹೊಲಿಯುವಷ್ಟು ಹೊತ್ತು ಹಿಡಿಯಿತು. ಉತ್ತರ ಮಾತ್ರ ಬೇಗ ಬಂತು, ಬಂದು ಭೇಟಿ ಮಾಡಿ ಎಂದು.

ಬರುವಾಗ ತರಬೇಕಾದದ್ದು ಮೂರು: ನನ್ನ ಕೆಲಸದ ವಿವರ, ಮಾಡಿದ ಉಡುಗೆಗಳ ಫೋಟೋ, ಮಾಡಿಸಿಕೊಂಡವರ ಪತ್ರ.

ಫೋಟೋಗಳಿಗೆ ನಮ್ಮವರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದೆ. ಮಳೆ ಸುರಿದ ಹಾಗೆ ಬಂದವು. ಆದರೆ ಎಲ್ಲ ತಾಯಂದಿರೂ ಅವರವರ ಮಗಳ ಮುಖವನ್ನೇ ಹತ್ತಿರದಿಂದ ತೆಗೆದಿದ್ದರು. ಕಣ್ಣಿನ ಕಾಡಿಗೆ ಇದೆ, ನೆತ್ತಿಯ ಬೈತಲೆಬೊಟ್ಟು ಇದೆ, ಕುತ್ತಿಗೆಯಿಂದ ಕೆಳಗೆ ನನ್ನ ಹೊಲಿಗೆ ಇದ್ದಲ್ಲಿಗೆ ಫೋಟೋ ಮುಗಿದಿದೆ. ಹುಡುಕಿ ಹುಡುಕಿ, ಯಾರದೋ ಮಗಳ ಹಿಂದೆ ಮಸುಕಾಗಿ ನಿಂತ ಬೇರೆ ಮಕ್ಕಳ ಮೈಮೇಲೆ ನನ್ನ ಬಟ್ಟೆ ಪೂರ್ತಿ ಕಾಣುವಂಥವನ್ನು ಮೊಮ್ಮಗಳು ಆರಿಸಿಕೊಟ್ಟಳು.

ಪತ್ರಕ್ಕೆ ಮೂವರನ್ನು ಕೇಳಿದೆ. ದುಬೈಯಲ್ಲಿ ಜುಮೇರಾ ಲೇಕ್ ಟವರ್ಸಿನ ತನ್ನ ಮನೆಯಲ್ಲೇ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುವ ನಮ್ಮೂರ ಕಡೆಯ ಟೀಚರ್ ಒಬ್ಬಳು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾ ಯಕ್ಷಗಾನದ ಗುಂಪು ನಡೆಸುವವರು ಒಬ್ಬರು. ನಾನು ಯಾವಾಗಲೂ ಜರಿ ಬಟ್ಟೆ ಕೊಳ್ಳುವ ಅಂಗಡಿಯ ಭಟ್ಕಳದ ಸಾಹೇಬರು ಇನ್ನೊಬ್ಬರು. ಮೂವರೂ ಅಷ್ಟೇ, ಕೇಳಿದ್ದೇ ತಡ, ಇಂಗ್ಲಿಷಿನಲ್ಲಿ ಪುಟ ತುಂಬ ಬರೆದು ಸಹಿ ಹಾಕಿಕೊಟ್ಟರು. ದುಬೈಗೆ ಹೋಗುವ ಬಸ್ಸಿನಲ್ಲಿ ಕೂತು ಕಷ್ಟಪಟ್ಟು ಓದಿದೆ. ಓದುತ್ತಾ ನನ್ನ ಮೇಲೆ ನನಗೇ ಗೌರವ ಬಂತು.

ಆಫೀಸಿನಲ್ಲಿ ಕೌಂಟರಿನ ಹಿಂದೆ ಒಬ್ಬಳು ಹುಡುಗಿ ಇದ್ದಳು. ಕೋಟು ಹಾಕಿದ, ಚುರುಕು ಕಣ್ಣಿನ, ಹಿಂದಿ ಬರುವ ಹುಡುಗಿ. ಮೊದಲನೆಯ ಪತ್ರ ಓದಿದಳು, ಮುಗುಳ್ನಕ್ಕಳು. ಎರಡನೆಯದು ಓದಿದಳು. ಮೂರನೆಯದನ್ನು ಓದಿ ಮೂರನ್ನೂ ಜೋಡಿಸಿ ನನ್ನ ಕಡೆಗೆ ತಳ್ಳಿದಳು. ಅವಳು ಹಿಂದಿಯಲ್ಲಿ ಹೇಳಿದ್ದರ ಅರ್ಥ ಇಷ್ಟು: "ಪತ್ರ ಬಹಳ ಚೆನ್ನಾಗಿದೆ ಮೇಡಂ. ಆದರೆ ನೀವು ಡಿಸೈನರಾ, ಇಲ್ಲ ಇವರೆಲ್ಲರ ಅಮ್ಮನಾ?"

ಕನ್ನಡಕ ಏರಿಸಿ ಮತ್ತೆ ಓದಿದೆ. ಟೀಚರ್ ಬರೆದಿದ್ದಳು: ಇವರು ನಮಗೆ ತಾಯಿ ಸಮಾನ, ನಮ್ಮ ಮಕ್ಕಳನ್ನು ಸ್ವಂತ ಮೊಮ್ಮಕ್ಕಳಂತೆ ಕಾಣುತ್ತಾರೆ, ಎಂದೂ ಏನನ್ನೂ ಬಯಸಿದವರಲ್ಲ. ಯಕ್ಷಗಾನದವರು ನನ್ನ ಸರಳತೆ ಮತ್ತು ದೈವಭಕ್ತಿಯನ್ನು ಹೊಗಳಿ, ಕೊನೆಗೆ ನನ್ನ ಕೋರಿ ರೊಟ್ಟಿಯ ರುಚಿಯ ಬಗ್ಗೆ ಎರಡು ಸಾಲು ಸೇರಿಸಿದ್ದರು. ಭಟ್ಕಳದ ಸಾಹೇಬರು, ಈ ತಾಯಿ ಚೌಕಾಶಿ ಮಾಡುವಾಗಲೂ ನಗುನಗುತ್ತಾ ಮಾಡುತ್ತಾರೆ ಎಂದು ಬರೆದಿದ್ದರು. ಮೂರು ಪುಟಗಳಲ್ಲಿ ಎಲ್ಲಿಯೂ ಸೂಜಿ ಇಲ್ಲ, ಕತ್ತರಿ ಇಲ್ಲ, ಬಟ್ಟೆ ಎಂಬ ಮಾತೇ ಇಲ್ಲ. ನಮ್ಮ ಜನ ಯಾರನ್ನಾದರೂ ಹೊಗಳಲು ಕೂತರೆ ಹೀಗೆಯೇ. ಅವರು ಎಷ್ಟು ಒಳ್ಳೆಯವರು ಎಂದು ಹೇಳಿ ಹೇಳಿ, ಅವರಿಗೆ ಏನು ಬರುತ್ತದೆ ಎಂಬುದನ್ನೇ ಮರೆಯುತ್ತಾರೆ.

ಹುಡುಗಿ ಒಳ್ಳೆಯವಳು, ಬಾಗಿಲು ಮುಚ್ಚಲಿಲ್ಲ. ಏನು ಮಾಡಿಕೊಟ್ಟಿರಿ, ಅದರಲ್ಲಿ ನಿಮ್ಮದೇ ಆದ ವಿಶೇಷ ಏನು, ಅಷ್ಟು ಬರೆಸಿ ತನ್ನಿ, ಮೇಲಿನವರಿಗೆ ಕಳಿಸುತ್ತೇನೆ ಎಂದಳು.

ಮನೆಗೆ ಬಂದರೆ ಮಗ ಊಟಕ್ಕೆ ಕಾಯುತ್ತಿದ್ದ. ಅಷ್ಟರಲ್ಲಿ ಪಿಆರ್‌ಒ ಅವನಿಗೂ ಫೋನ್ ಮಾಡಿದ್ದನಂತೆ, ವೀಸಾ ಕ್ಯಾನ್ಸಲ್ ಮಾಡುವ ದಿನ ಹತ್ತಿರ ಬಂತು, ಅಮ್ಮ ಬಂದು ಸಹಿ ಹಾಕಬೇಕು ಎಂದು. ಕ್ಯಾನ್ಸಲ್ ಆದ ಮೇಲೆ ಸಿಗುವುದು ಸುಮಾರು ಒಂದು ತಿಂಗಳ ಗಡುವು. ಅಷ್ಟರೊಳಗೆ ಬೇರೆ ವೀಸಾ ಆಗದಿದ್ದರೆ ದೇಶ ಬಿಡಬೇಕು. ತಾಯಿಯ ವೀಸಾಕ್ಕೆ ಎಲ್ಲ ತಯಾರು ಮಾಡಿಟ್ಟಿದ್ದೇನೆ, ನೀನು ಹೂಂ ಎಂದರೆ ಸಾಕು ಎಂದ. ನಾನು ಉಹೂಂ ಎಂದೆ. ಅವನ ಮುಖ ಸಣ್ಣದಾಯಿತು.

"ನಿನ್ನನ್ನು ಸಾಕ್ಲಿಕ್ಕೆ ನನ್ನಿಂದ ಆಗುದಿಲ್ವಾ ಅಮ್ಮ? ಆಫೀಸಲ್ಲಿ ಎಲ್ರು ಎಂತ ಹೇಳ್ತಾರೆ, ಈ ಪ್ರಾಯದಲ್ಲಿ ಅಮ್ಮನನ್ನು ದುಡಿಸ್ತಾನೆ ಅಂತ ಹೇಳುದಿಲ್ವಾ?"

"ಸಾಕು ಮಾರಾಯ, ಯಾರು ಬೇಡ ಅಂದದ್ದು? ಊಟ ನೀನು ಹಾಕು. ವೀಸಾ ನಾನು ಮಾಡಿಸಿಕೊಳ್ತೇನೆ."

ಅವನು ಎದ್ದು ಬಾಲ್ಕನಿಗೆ ಹೋದ. ಸೊಸೆ ನನ್ನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. ಅದು ಯಾವ ಪಕ್ಷದ ಮೀನು ಎಂದು ನಾನು ಕೇಳಲಿಲ್ಲ.

ಶುಕ್ರವಾರ ರಜೆ. ಮತ್ತೆ ದುಬೈ ಬಸ್ಸು ಹತ್ತಿ ಟೀಚರಿನ ಮನೆಗೆ ಹೋದೆ. ಕ್ಲಾಸ್ ಮುಗಿದು ಮಕ್ಕಳು ಹೋಗಿದ್ದರು, ಅವಳು ಚಾಪೆ ಸುತ್ತಿಡುತ್ತಿದ್ದಳು. ಕಿಟಕಿಯ ಕೆಳಗೆ ಕಟ್ಟಡಗಳ ನಡುವೆ ಒಂದು ಕೃತಕ ಕೆರೆ. ಪತ್ರವನ್ನು ಅವಳ ಮುಂದೆ ಇಟ್ಟು, ಇದು ನಡೆಯುವುದಿಲ್ಲ, ಬೇರೆ ಬರೆದುಕೊಡು, ನಾನು ನಿನಗೆ ಹೊಲಿದುಕೊಟ್ಟ ಕೆಲಸದವಳು ಎಂದು ಬರಿ ಎಂದೆ. ಅವಳಿಗೆ ನಾನೇನೋ ಅಸಭ್ಯ ಮಾತು ಆಡಿದ ಹಾಗಾಯಿತು.

"ನಿಮ್ಮನ್ನು ಕೆಲಸದವ್ರು ಅಂತ ಬರೀಬೇಕಾ ಅಕ್ಕ? ನಂಗೆ ಮನಸ್ಸೇ ಬರುದಿಲ್ಲ."

"ಯಾಕೆ, ಕೆಲಸ ಅಂದ್ರೆ ಬೈಗುಳವಾ?"

"ಹಾಗಲ್ಲ. ನಾವು ನಿಮ್ಗೆ ಯಾವತ್ತಾದ್ರೂ ಹಣ ಕೊಟ್ಟಿದ್ದೇವಾ? ಮತ್ತೆ ನೀವು ಆಗ ಕಂಪನಿ ವೀಸಾದಲ್ಲಿದ್ದದ್ದು. ಎಲ್ಲಿಯಾದ್ರೂ ತೊಂದ್ರೆ ಬಂದ್ರೆ?"

"ಹಣ ತಕೊಂಡಿದ್ರೆ ತೊಂದ್ರೆ. ಮಲ್ಲಿಗೆಗೆ ಎಂತ ತೊಂದ್ರೆ? ಪುಕ್ಕಟೆ ಮಾಡಿಕೊಟ್ಟದ್ದು ಅಂತ್ಲೇ ಬರಿ. ಆದ್ರೆ ಮಾಡಿಕೊಟ್ಟದ್ದು ಎಂತ ಅಂತ ಬರಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು. ಎಂತ ಬರೆಯುವುದು ಅಕ್ಕ, ಎಲ್ಲ ಟೈಲರುಗಳೂ ಡ್ಯಾನ್ಸಿನ ಬಟ್ಟೆ ಹೊಲಿಯುತ್ತಾರಲ್ಲ ಎಂದಳು. ಆಗ ನನಗೆ ನಿಜವಾಗಿ ಕೋಪ ಬಂತು. ಅವಳ ಕಪಾಟಿನ ಬಾಗಿಲು ತೆರೆದು, ಹ್ಯಾಂಗರಿನಲ್ಲಿದ್ದ, ನಾನೇ ಹೊಲಿದ ಅವಳ ನೇರಳೆ ಬಣ್ಣದ ಉಡುಗೆಯನ್ನು ತೆಗೆದು ನೆಲದ ಮೇಲೆ ಹಾಸಿದೆ.

ಭರತನಾಟ್ಯದ ಉಡುಗೆ ನೋಡಿದವರಿಗೆ ಗೊತ್ತು. ರವಿಕೆ ಬೇರೆ, ಪೈಜಾಮ ಬೇರೆ, ಎದೆಯ ಮೇಲಿನ ಸೆರಗು ಬೇರೆ, ಮುಂದೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ನೆರಿಗೆ ಬೇರೆ, ಹಿಂದಿನದು ಬೇರೆ. ಒಂದೊಂದನ್ನೂ ಕಟ್ಟಿ, ಪಿನ್ನು ಹಾಕಿ, ಲಾಡಿ ಬಿಗಿದು ಮುಗಿಸಲು ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ತಾಯಿ ಬೇಕು. ಕಾರ್ಯಕ್ರಮದ ದಿನ ಬಾಡಿಗೆಯ ಸಭಾಂಗಣದಲ್ಲಿ ಪರದೆಯ ಹಿಂದೆ ಇರುವುದು ಒಂದೇ ಕೋಣೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವುದರೊಳಗೆ ಬಟ್ಟೆ ಬದಲಿಸಬೇಕು, ತಾಯಂದಿರ ಕೂಗಾಟ, ಮಕ್ಕಳ ಅಳು. ಅದನ್ನು ನೋಡಿ ನೋಡಿ ಒಂದು ದಿನ ನನಗೆ ಮುಸಫ್ಫಾದ ಕವರಾಲ್ ನೆನಪಾಗಿತ್ತು. ಎಲ್ಲ ತುಂಡುಗಳನ್ನೂ ಒಂದಕ್ಕೊಂದು ಸೇರಿಸಿ ಒಂದೇ ಉಡುಗೆ ಮಾಡಿದೆ. ಬೆನ್ನಿಗೆ ಉದ್ದ ಜಿಪ್, ಜಿಪ್ಪಿನ ಮೇಲೆ ಜರಿಯ ಪಟ್ಟಿ, ಹೊರಗೆ ಕಾಣುವುದಿಲ್ಲ. ಮಂಡಿ ಬಗ್ಗಿಸಿ ಅರಮಂಡಿ ಹಾಕಿದಾಗ ಹರಿಯದಂತೆ ಕಾಲುಗಳ ನಡುವೆ ಕವರಾಲಿಗೆ ಇಡುವ ಹಾಗೆಯೇ ಒಂದು ಚೌಕದ ತುಂಡು. ಮಗು ಕಾಲು ಹಾಕಿ ನಿಂತರೆ ಪಕ್ಕದ ಮಗು ಜಿಪ್ ಎಳೆಯುತ್ತದೆ. ತಾಯಂದಿರು ಹೊರಗೆ ಕೂತು ಫೋಟೋ ತೆಗೆಯಬಹುದು.

ಇದನ್ನೆಲ್ಲ ಅವಳಿಗೆ ಹೇಳುತ್ತಾ ಹೋದ ಹಾಗೆ ಅವಳು ಉಡುಗೆಯ ಒಳಗನ್ನು ಹೊರಗೆ ಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸಿದಳು. ಇಷ್ಟು ವರ್ಷ ಅದನ್ನು ತೊಟ್ಟು ಕುಣಿದವಳು, ಒಳಗನ್ನು ನೋಡಿರಲೇ ಇಲ್ಲ. ಆಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. ತಾಯಿ ಸಮಾನ ಎಂಬ ಸಾಲು ಇರಲಿ, ಒಂದೇ ಒಂದು ಸಾಲು ಎಂದು ಅಂಗಲಾಚಿದಳು. ಒಂದನ್ನೂ ಬಿಡಲಿಲ್ಲ, ಎಲ್ಲ ಅಳಿಸಿಸಿದೆ.

ಉಳಿದಿಬ್ಬರು ಇಷ್ಟು ಕಷ್ಟ ಕೊಡಲಿಲ್ಲ. ಯಕ್ಷಗಾನದವರಿಗೆ ಫೋನಿನಲ್ಲೇ ಬೈದೆ, ಅವರು ಕೋರಿ ರೊಟ್ಟಿ ತೆಗೆದು ಅಂಗಿಯ ವಿವರ ಹಾಕಿದರು. ಭಟ್ಕಳದ ಸಾಹೇಬರು ನಕ್ಕು, ಯಾವ ಬೆಳಕಿಗೆ ಯಾವ ಜರಿ ಬೇಕೆಂದು ನಾನು ಅಂಗಡಿಯಿಂದ ಬಟ್ಟೆಯನ್ನು ಬೀದಿಗೆ ಒಯ್ದು ಹಿಡಿದು ನೋಡಿ ಆರಿಸುವುದನ್ನು ಬರೆದರು. ಅದನ್ನು ಅವರು ಗಮನಿಸಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಬಟ್ಟೆ ಹಿಡಿದು ಹೊರಗೆ ಹೋದಾಗ, ಓಡಿ ಹೋದರೆ ಎಂದು ನೋಡುತ್ತಿದ್ದರೋ ಏನೋ.

ಎರಡನೆಯ ಸಲ ಆಫೀಸಿಗೆ ಹೋಗುವಾಗ ಪತ್ರಗಳ ಜೊತೆ ಟೀಚರಿನ ನೇರಳೆ ಉಡುಗೆಯನ್ನೂ ಚೀಲದಲ್ಲಿ ಹಾಕಿಕೊಂಡೆ. ಮಧ್ಯಾಹ್ನದ ಹೊತ್ತು, ಕೌಂಟರಿನಲ್ಲಿ ಜನ ಇರಲಿಲ್ಲ. ಹುಡುಗಿ ಪತ್ರ ಓದಿ ತಲೆಯಾಡಿಸಿದಳು, ಆದರೆ ಒಂದೇ ತುಂಡು ಎಂದರೆ ಹೇಗೆ, ತನಗೆ ತಿಳಿಯಲಿಲ್ಲ ಎಂದಳು. ತಿಳಿಸುವುದು ಯಾಕೆ, ಹಾಕಿ ನೋಡು ಎಂದೆ. ಅವಳು ಆಚೀಚೆ ನೋಡಿದಳು. ನಾನು ಉಡುಗೆಯನ್ನು ನೆಲದ ಮೇಲೆ ವೃತ್ತವಾಗಿ ಹರಡಿ ಹಿಡಿದು, ಹಿಂದಿಯಲ್ಲಿ, ಕಾಲಿಡು ಮಗಳೇ ಎಂದೆ. ಕೋಟು ಬಿಚ್ಚಿಟ್ಟು ಕಾಲಿಟ್ಟಳು. ಪ್ಯಾಂಟಿನ ಮೇಲೆಯೇ ಏರಿಸಿ, ತಿರುಗಿಸಿ, ಜಿಪ್ ಎಳೆದೆ. ಒಳಗಿನಿಂದ ಬಂದ ಇನ್ನೊಬ್ಬಳು ಬಾಗಿಲಲ್ಲೇ ನಿಂತಳು. ಕೌಂಟರಿನ ಹುಡುಗಿ ಮೆಲ್ಲ ಮಂಡಿ ಬಗ್ಗಿಸಿದಾಗ ಮುಂದಿನ ನೆರಿಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು, ಅವಳು ತನ್ನ ಕಾಲನ್ನೇ ನೋಡುತ್ತಾ ಎದ್ದೂ ಕೂತೂ ಮಾಡಿದಳು. ಕೊನೆಗೆ ಬಿಚ್ಚಲು ನಾನೇ ಅವಸರ ಮಾಡಬೇಕಾಯಿತು, ಕೌಂಟರಿಗೆ ಒಬ್ಬ ಗಂಡಸು ಬಂದು ನಿಂತಿದ್ದ.

ಇದರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ತೀರ್ಮಾನ ಮಾಡುವವರು ಮೇಲಿನ ಮಹಡಿಯವರು, ಅವರ ಮುಖ ನಾನು ಕಂಡಿಲ್ಲ. ಅವರು ತೆಗೆದುಕೊಂಡ ಸಮಯದಲ್ಲಿ ಕಂಪನಿಯ ಕ್ಯಾನ್ಸಲ್ ದಿನ ಇನ್ನೂ ಹತ್ತಿರ ಬಂತು. ಪಿಆರ್‌ಒ ಎರಡು ಸಲ ಕರೆದ. ಸೊಂಟ ನೋವು ಎಂದೆ ಒಮ್ಮೆ, ಅದು ಸುಳ್ಳೇನೂ ಅಲ್ಲ. ಮೊಮ್ಮಗಳು ಶಾಲೆಯಿಂದ ಬಂದ ಕೂಡಲೇ ನನ್ನ ಫೋನ್ ತೆಗೆದು ನೋಡಿ, ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಮಗ ಏನೂ ಕೇಳುತ್ತಿರಲಿಲ್ಲ, ಆದರೆ ಆ ಹೊತ್ತಿಗೆ ಸರಿಯಾಗಿ ಹಾಲಿಗೆ ಬಂದು ಕೂರುತ್ತಿದ್ದ.

ಮೇಲ್ ಬಂದದ್ದು ನಾನು ಮೀನು ತೊಳೆಯುತ್ತಿದ್ದಾಗ. ಮೊಮ್ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಇಂಗ್ಲಿಷಿನಲ್ಲಿ, "ಅಜ್ಜಿ, ಯೂ ಆರ್ ಅಪ್ರೂವ್ಡ್" ಎಂದಳು. ಮಗ ಅವಳ ಕೈಯಿಂದ ಫೋನ್ ತೆಗೆದುಕೊಂಡು ಪೂರ್ತಿ ಓದಿದ, ಮತ್ತೊಮ್ಮೆ ಮೊದಲಿಂದ ಓದಿದ. ಆಮೇಲೆ ನಾಳೆ ಮುಸಫ್ಫಾಕ್ಕೆ ಎ‌ಷ್ಟು ಹೊತ್ತಿಗೆ ಹೋಗಬೇಕು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಅಷ್ಟೇ. ಅವನಿಂದ ಅದಕ್ಕಿಂತ ಹೆಚ್ಚು ನಾನು ನಿರೀಕ್ಷಿಸಿರಲಿಲ್ಲ, ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ.

ಕಂಪನಿಯಲ್ಲಿ ಸಹಿ ಹಾಕುವಾಗ ಸ್ವಲ್ಪ ಹೆದರಿದೆ, ಸುಳ್ಳು ಹೇಳಲಾರೆ. ಒಂದು ಕೊಂಬೆ ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವೆ ಕೋತಿಗೂ ಒಂದು ಕ್ಷಣ ಎದೆ ಹಾರುತ್ತದಲ್ಲ, ಹಾಗೆ. ಆಮೇಲಿನ ಓಡಾಟದಲ್ಲೆಲ್ಲ ಮಗ ರಜೆ ಹಾಕಿ ಜೊತೆಗಿದ್ದ. ರಕ್ತ ಪರೀಕ್ಷೆ, ಎಕ್ಸ್‌ರೇ. ಗುರುತಿನ ಕಾರ್ಡಿನ ಆಫೀಸಿನಲ್ಲಿ ಮೆಷಿನಿಗೆ ನನ್ನ ಹೆಬ್ಬೆರಳಿನ ಗೆರೆಗಳೇ ಸಿಗಲಿಲ್ಲ, ಇಸ್ತ್ರಿಯ ಬಿಸಿ ಮತ್ತು ಒರಟು ಬಟ್ಟೆ ಅವನ್ನು ತಿಂದುಹಾಕಿದ್ದವು. ಅಲ್ಲಿ ಕೂತಿದ್ದ ಅರಬಿ ಹುಡುಗಿ ತನ್ನ ಪರ್ಸಿನಿಂದ ಕ್ರೀಮ್ ತೆಗೆದು ನನ್ನ ಬೆರಳುಗಳಿಗೆ ಹಚ್ಚಿ, ಉಜ್ಜಿ ಉಜ್ಜಿ, ಯಲ್ಲಾ ಮಾಮಾ, ಅಂದರೆ ಹೂಂ ಅಮ್ಮಾ ಬೇಗ, ಎಂದು ಗಾಜಿನ ಮೇಲೆ ಒತ್ತಿದಳು. ಅಷ್ಟು ನುಣುಪು ಕೈ ಹಿಡಿದು ನನಗೇ ನಾಚಿಕೆಯಾಯಿತು. ಕೊನೆಗೂ ಮೆಷಿನ್ ಹೂಂ ಎಂದಿತು.

ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಅಂಟಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದು ಸೊಸೆ. ಸಕ್ಕರೆ ಕಡಿಮೆ ಇತ್ತು. ಹೇಳಲಿಲ್ಲ.

ಹೊಸ ವೀಸಾದ ಮೊದಲ ಕೆಲಸ ಆ ಟೀಚರಿನದೇ. ಅವಳ ಡ್ಯಾನ್ಸ್ ಕ್ಲಾಸಿನ ವಾರ್ಷಿಕೋತ್ಸವಕ್ಕೆ ಮಕ್ಕಳ ಗುಂಪಿಗೆಲ್ಲ ಉಡುಗೆ ಬೇಕಿತ್ತು. ರೇಟು ಕೇಳಲು ಅವಳಿಗೆ ಸಂಕೋಚ, ಹೇಳಲು ನನಗೆ ಸಂಕೋಚ. ಹಾಗಾಗಿ ಇಬ್ಬರೂ ಅದರ ಬಗ್ಗೆ ಮಾತೇ ಆಡದೆ ಬಟ್ಟೆ, ಬಣ್ಣ, ಅಳತೆ ಎಲ್ಲ ಮುಗಿಸಿದೆವು. ಹೊಲಿದು ಮುಗಿದ ಮೇಲೆ ಮೊಮ್ಮಗಳು ಫೋನಿನಲ್ಲಿ ಬಿಲ್ ಮಾಡಿಕೊಟ್ಟಳು, ಮೇಲೆ ನನ್ನ ಹೆಸರು, ಕೆಳಗೆ ಪರ್ಮಿಟ್ ನಂಬರು. ಮಗ ಆಫೀಸಿನಲ್ಲಿ ಪ್ರಿಂಟ್ ತೆಗೆದು ತಂದ. ಅಂಚು ಸುಕ್ಕಾಗದ ಹಾಗೆ ಅದನ್ನು ಒಂದು ಪುಸ್ತಕದೊಳಗೆ ಇಟ್ಟು ತಂದಿದ್ದ.

ಉಡುಗೆಗಳನ್ನು ಕೊಟ್ಟು, ಆ ಕಾಗದವನ್ನು ಟೀಚರಿನ ಕೈಯಲ್ಲಿ ಇಟ್ಟೆ. ಅವಳು ನಿಂತೇ ಓದಿದಳು. ಓದುತ್ತಾ ಅವಳ ಮುಖ ಬದಲಾಗುವುದನ್ನು ನಾನು ನೋಡಿದೆ. ಬಿಲ್ ವಾಪಸು ಕಸಿದುಕೊಂಡು, ಛೆ ಬೇಡ ಎಂದುಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಹಲ್ಲು ಕಚ್ಚಿ ನಿಂತೆ.

"ಎಂತ, ಬಿಲ್ ನೋಡಿ ಮುಖ ಸಣ್ಣ ಮಾಡಿದ್ದು? ನಾನೀಗ ಪರ್ಮಿಟ್ ಇರುವ ಡಿಸೈನರ್, ಗೊತ್ತುಂಟಾ?"

ಅವಳು ಬಿಲ್ಲನ್ನು ಮಡಚಿ ಟೇಬಲಿನ ಮೇಲೆ ಇಟ್ಟು, ಹೊಸ ಉಡುಗೆಯೊಂದನ್ನು ಎತ್ತಿ ಹಿಡಿದು ನನ್ನ ಕಡೆ ತಿರುಗಿದಳು.

"ಮುಖ ಸಣ್ಣ ಆಗ್ಲಿಕ್ಕೆ ಎಂತ ಉಂಟು ಅಕ್ಕ? ಇಷ್ಟು ವರ್ಷ ಪುಕ್ಕಟೆ ಅಂತ ಬಾಯಿ ಮುಚ್ಚಿ ಕೂತಿದ್ದೆ, ಈಗ ದುಡ್ಡು ಕೊಡುವವಳು ಹೇಳ್ತೇನೆ ಕೇಳಿ. ನಿಮ್ಮ ತೋಳು ಯಾವತ್ತೂ ಬಿಗಿ. ಎಲ್ಲ ಬಿಚ್ಚಿ ಸರಿ ಮಾಡಿ ತನ್ನಿ."